ದೊಡ್ಡಮ್ಮ, ಇದು ಸಾಹಿತ್ಯ ಅಲ್ಲ ಅಲ್ವಾ?

ಹೋದ ತಿಂಗಳು ತಂಗಿ ಮಗಳು ಮುಂಬೈಯ ಪೊವಾಯಿಂದ ಡೊಂಬಿವಲಿಗೆ ನಮ್ಮನೆಗೆ ಬಂದು ನಾಲ್ಕು ದಿನ ಇದ್ಲು. ಹನ್ನೊಂದನೇ ಕ್ಲಾಸು, ಐಬಿ ಬೋರ್ಡು, ಅಂದ್ರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್. ಬಂದವಳು ಕಾಲು ತೊಳೆದು ಚಾ ಕುಡಿದು ಬ್ಯಾಗಿಂದ ಒಂದು ಕಟ್ಟು ಜೆರಾಕ್ಸ್ ತೆಗೆದು ಡೈನಿಂಗ್ ಟೇಬಲ್ ತುಂಬ ಹರಡಿದ್ಲು. ಪಾಠದ ನೋಟ್ಸು ಅಂದ್ಕೊಂಡು ಬಗ್ಗಿ ನೋಡಿದ್ರೆ ಒಂದು ಶಾಂಪೂ ಜಾಹೀರಾತು, ಯಾವುದೋ ಊರಿನ ಟೂರಿಸಂ ಬ್ರೋಷರು, ಒಂದು ವ್ಯಂಗ್ಯಚಿತ್ರ, ಯಾರೋ ಮಂತ್ರಿಗೆ ಬರೆದ ಬಹಿರಂಗ ಪತ್ರ, ಇನ್ನೊಂದು ಹಾಳೇಲಿ ಕೇಕ್ ಮಾಡೋ ವಿಧಾನ. ಅಷ್ಟು ಫೀಸು ಕೊಟ್ಟು ಇದನ್ನ ಓದಿಸ್ತಾರಾ ಮಾರಾಯ್ತಿ ಅಂತ ಬಾಯಿ ತನಕ ಬಂತು, ತಂಗಿಗೆ ಬೇಜಾರಾಗತ್ತೆ ಅಂತ ನುಂಗ್ಕೊಂಡೆ.

"ಇದು ಪೇಪರ್ ಒನ್ ದೊಡ್ಡಮ್ಮ, ನಾನ್ ಲಿಟರರಿ ಟೆಕ್ಸ್ಟ್" ಅಂದ್ಲು. ಕಥೆ ಅಲ್ಲ, ಕವಿತೆ ಅಲ್ಲ, ನಾಟಕ ಅಲ್ಲ, ಅಂಥದ್ದನ್ನ ಭಾಷೆ ಮತ್ತೆ ಸಾಹಿತ್ಯದ ಪರೀಕ್ಷೆ ಹಾಲಲ್ಲೇ ಮೊದಲನೇ ಸಲ ತೋರಿಸಿ ಇದನ್ನ ಬಿಡಿಸಿ ಹೇಳು ಅಂತಾರಂತೆ, ಸ್ಟ್ಯಾಂಡರ್ಡ್ ಲೆವೆಲ್‌ನವ್ರು ಒಂದೂಕಾಲು ಗಂಟೇಲಿ ಒಂದು ಟೆಕ್ಸ್ಟ್ ಬಗ್ಗೆ ಬರೆದ್ರೆ ಆಯ್ತು, ಇವಳದ್ದು ಹೈಯರ್ ಲೆವೆಲ್ ಆದ್ರಿಂದ ಎರಡೂಕಾಲು ಗಂಟೇಲಿ ಎರಡು. ಕನ್ನಡದಲ್ಲಿ ಇದಕ್ಕೆ ಎಂತ ಹೇಳ್ತಾರೆ ಅಂತ ಕೇಳಿದ್ಲು. ಸಾಹಿತ್ಯೇತರ ಪಠ್ಯ ಅಂದೆ. ಎರಡು ಸಲ ಹೇಳೋಕೆ ಟ್ರೈ ಮಾಡಿ ಬಿಟ್ಟುಬಿಟ್ಲು. ನನಗೂ ಆ ಶಬ್ದ ಅಷ್ಟಕ್ಕಷ್ಟೆ. ಇತರ ಅಂದ ಕೂಡ್ಲೇ ಫಾರ್ಮಿನ ಕೊನೇ ಕಾಲಂ ನೆನಪಾಗತ್ತೆ, ಎಲ್ಲೂ ಸೇರದೇ ಇರೋದನ್ನೆಲ್ಲ ತುಂಬೋ ಜಾಗ. ಅದೂ ಅಲ್ದೆ ನಾನು 22 ವರ್ಷದಿಂದ ಫೋರ್ಟಲ್ಲಿ ಒಂದು ಇನ್ಶೂರೆನ್ಸ್ ಆಫೀಸಲ್ಲಿ ಕೂತು ಕ್ಲೇಮ್ ಪತ್ರ ಬರೆಯೋಳು, ದಿನಕ್ಕೆ ಇಪ್ಪತ್ತು ಇಪ್ಪತ್ತೈದು, ಅಂದ್ರೆ ನನ್ನ ಜೀವಮಾನದ ಬರವಣಿಗೆ ಪೂರ್ತಿ ಆ ಕೊನೇ ಕಾಲಂನದ್ದೇ. ಸಂಘದ ಕಾರ್ಯಕ್ರಮದಲ್ಲಿ ಯಾರಾದ್ರೂ "ನೀವೂ ಬರೀತೀರಾ?" ಅಂದ್ರೆ "ಇಲ್ಲಪ್ಪ" ಅಂತ್ಲೇ ಹೇಳ್ಕೊಂಡು ಬಂದಿದೀನಿ!

ಅವಳ ಟೀಚರ್ ಒಂದು ಪಟ್ಟಿ ಕೊಟ್ಟಿದ್ರು. ವರ್ಣನೆ, ಕಥನ, ವಿವರಣೆ, ವಾದ, ಸೂಚನೆ ಅಂತ ಐದು ಬಗೆ. ಭಾಷಾಶಾಸ್ತ್ರದವ್ರು ಮಾಡಿದ ವಿಂಗಡಣೆ, ತಪ್ಪೇನಿಲ್ಲ. ಆದ್ರೆ ಹುಡುಗಿ ಏನು ಮಾಡ್ತಿದ್ಲು ಅಂದ್ರೆ ಪ್ರತಿ ಹಾಳೆ ಎತ್ಕೊಂಡು ಇದು ಯಾವ ಡಬ್ಬಿಗೆ ಹೋಗತ್ತೆ ಅಂತ ನೋಡ್ತಿದ್ಲು, ಬ್ರೋಷರ್ ವರ್ಣನೆಗೆ, ಕೇಕು ಸೂಚನೆಗೆ, ಆಯ್ತು ಮುಂದಿನದು. ನಾನಂದೆ, ಬ್ರೋಷರ್ ಸಮುದ್ರವನ್ನ ವರ್ಣನೆ ಮಾಡ್ತಿರೋದು ಸಮುದ್ರದ ಮೇಲಿನ ಪ್ರೀತಿಗಾ, ರೂಮ್ ಬುಕ್ ಮಾಡಿಸೋಕಾ? ಅವಳು ಪೆನ್ಸಿಲ್ ಕಚ್ಕೊಂಡು ಕೂತ್ಲು. ಕಥೆ ಓದೋವಾಗ ಇದು ನನ್ನಿಂದ ಎಂತ ಮಾಡಿಸ್ಬೇಕು ಅಂತ ಹೊರಟಿದೆ ಅಂತ ನಾವು ಕೇಳಲ್ಲ, ಕೇಳಿದ್ರೂ ಉತ್ತರ ಸಿಗಲ್ಲ. ಈ ಬೇರೆ ಬರಹಗಳಲ್ಲಿ ಅದನ್ನೇ ಮೊದಲು ಕೇಳ್ಬೇಕು. ದುಡ್ಡು ಕಟ್ಟಿಸ್ಬೇಕಾ, ಸುಮ್ಮನಿರಿಸ್ಬೇಕಾ, ಹೆದರಿಸ್ಬೇಕಾ, ಸಹಿ ಹಾಕಿಸ್ಬೇಕಾ. ಇದು ಗೊತ್ತಾದ ಮೇಲೆ ಉಳಿದದ್ದೆಲ್ಲ, ಅಂದ್ರೆ ಭಾಷೆ ಯಾಕೆ ಹೀಗಿದೆ, ಅಕ್ಷರ ಯಾಕೆ ಇಷ್ಟು ಸಣ್ಣದು, ಫೋಟೋ ಯಾಕೆ ಇಲ್ಲಿದೆ, ತಂತಾನೇ ಬರತ್ತೆ. ಕ್ಲೇಮ್ ಡಿಪಾರ್ಟ್‌ಮೆಂಟಲ್ಲಿ ಕಲಿತದ್ದು ಇಷ್ಟೇ, ಬೇರೆ ಡಿಗ್ರಿ ಇಲ್ಲ ನನಗೆ.

ಜೆರಾಕ್ಸ್ ನೋಡಿ ಕಲಿಯೋಕಾಗಲ್ಲ ನಡಿ ಅಂತ ಶುಕ್ರವಾರ ರಜೆ ಹಾಕಿ ಅವಳನ್ನ ಕರ್ಕೊಂಡು ಹೊರಟೆ. ಮುಂಬೈಯಲ್ಲಿ ಮನೆಯಿಂದ ಸ್ಟೇಷನ್ ತಲುಪೋದ್ರೊಳಗೆ ಓದೋಕೆ ಸಿಗೋ ಸಾಮಾನು ಒಂದು ವರ್ಷದ ಸಿಲೆಬಸ್ಸಿಗೆ ಸಾಕು.

ಮೊದಲು ಡೊಂಬಿವಲಿ ಪ್ಲಾಟ್‌ಫಾರ್ಮಿನ ಇಂಡಿಕೇಟರ್. ಎಲ್ಲಿಗೆ ಹೋಗೋದು, ಎಷ್ಟೊತ್ತಿಗೆ, ಫಾಸ್ಟಾ ಸ್ಲೋನಾ, ಹನ್ನೆರಡು ಡಬ್ಬಿಯಾ ಹದಿನೈದಾ. ಒಂದೇ ಒಂದು ಕ್ರಿಯಾಪದ ಇಲ್ಲ. ವಾಕ್ಯವೇ ಇಲ್ಲದ ಈ ಬರಹವನ್ನ ಲಕ್ಷಗಟ್ಲೆ ಜನ ಓಡ್ತಾ ಓಡ್ತಾ ಓದಿ ಸರಿಯಾಗಿ ಅರ್ಥ ಮಾಡ್ಕೋತಾರೆ. ಸೆಂಟ್ರಲ್ ಲೈನಿನ ತಮಾಷೆ ಎಂತ ಅಂದ್ರೆ ಕಲ್ಯಾಣಕ್ಕೆ ಕೆ, ಠಾಣೆಗೆ ಟಿ, ಸರಿ, ಆದ್ರೆ ಕಸಾರಾಗೆ ಎನ್, ಕರ್ಜತ್‌ಗೆ ಎಸ್. ಸ್ಲೋ ಗಾಡಿಗೂ ಎಸ್. ಒಂದೇ ಅಕ್ಷರ, ಕೂತ ಜಾಗದ ಮೇಲೆ ಅರ್ಥ. ಪೊವಾಯಿ ಹುಡುಗಿಗೆ ಇದು ಗೊತ್ತಿರ್ಲಿಲ್ಲ, ಅವಳು ಓಡಾಡೋದು ಆಟೋ ಮತ್ತೆ ಸ್ಕೂಲ್ ಬಸ್ಸಲ್ಲಿ. "ಹಾಗಾದ್ರೆ ಇದು ಓದೋಕೆ ಬಂದ್ರೆ ಸಾಲಲ್ಲ, ಇಲ್ಲಿಯವ್ರೇ ಆಗಿರ್ಬೇಕು" ಅಂದ್ಲು. ಬರ್ಕೋ ಅಂದೆ, ಟಾರ್ಗೆಟ್ ಆಡಿಯನ್ಸ್ ಅಂತ ನಿಮ್ಮ ಟೀಚರ್ ಹೇಳೋದು ಇದನ್ನೇ.

ಗಾಡಿ ಒಳಗೆ ಸರಪಳಿ ಹತ್ರ ಇರೋ ಬೋರ್ಡು. ಗಾಡಿ ನಿಲ್ಲಿಸೋಕೆ ಸರಪಳಿ ಎಳೀರಿ ಅಂತ ಒಂದು ಕಡೆ, ಸರಿಯಾದ ಕಾರಣ ಇಲ್ದೆ ಎಳೆದ್ರೆ ದಂಡ ಮತ್ತೆ ಜೈಲು ಅಂತ ಪಕ್ಕದಲ್ಲೇ. 1989ರ ರೈಲ್ವೆ ಕಾಯ್ದೆಯ 141ನೇ ಸೆಕ್ಷನ್, ಒಂದು ವರ್ಷದ ತನಕ ಸೆರೆವಾಸ ಅಥವಾ ಸಾವಿರ ರೂಪಾಯಿ ತನಕ ದಂಡ ಅಥವಾ ಎರಡೂ. ಎಳಿ, ಎಳೀಬೇಡ, ಎರಡನ್ನೂ ಒಂದೇ ಉಸಿರಲ್ಲಿ ಹೇಳೋದು ಸುಲಭ ಅಲ್ಲ ಕಣ್ರೀ. ಅಲ್ಲಿ ಇಡೀ ಭಾರ ಹೊತ್ಕೊಂಡಿರೋದು 'ಸರಿಯಾದ ಕಾರಣ' ಅನ್ನೋ ಎರಡು ಶಬ್ದ, ಅದು ಎಂತ ಅಂತ ಬೋರ್ಡು ಹೇಳಲ್ಲ. ನಮ್ಮ ಪಾಲಿಸಿ ಪೇಪರ್ರಲ್ಲೂ ಹೀಗೇ, ಎಲ್ಲ ಜಗಳ ಆಗೋದು ಇಂಥ ಎರಡು ಶಬ್ದದ ಮೇಲೇನೇ.

ಭಾಂಡುಪ್ ದಾಟಿದ ಮೇಲೆ ಕೂತ್ಕೊಳ್ಳೋಕೆ ಸೀಟ್ ಸಿಕ್ತು, ಅವಳಿಗೆ ಕನ್ನಡದ ಬೋರ್ಡುಗಳ ಬಗ್ಗೆ ಹೇಳಿದೆ. ಊರಿಗೆ ಹೋದಾಗ ಬಸ್‌ಸ್ಟ್ಯಾಂಡಲ್ಲಿ ನೋಡಿರ್ತೀಯ, ಒಂದು ಗೋಡೇಲಿ "ಇಲ್ಲಿ ಉಗುಳಬೇಡಿ" ಅಂತಿರತ್ತೆ, ಇನ್ನೊಂದ್ರಲ್ಲಿ "ಉಗುಳಬಾರದು", ಮತ್ತೊಂದ್ರಲ್ಲಿ "ಉಗುಳುವುದನ್ನು ನಿಷೇಧಿಸಲಾಗಿದೆ". ಮೂರೂ ಒಂದೇ ವಿಷಯ. ಮೊದಲನೆಯದ್ರಲ್ಲಿ ಯಾರೋ ನಮ್ಮ ಮುಖ ನೋಡಿ ಹೇಳ್ತಿದಾರೆ. ಎರಡನೆಯದ್ರಲ್ಲಿ ಅದು ಲೋಕರೂಢಿ, ಅಜ್ಜಿ ಹೇಳಿದ ಹಾಗೆ. ಮೂರನೆಯದ್ರಲ್ಲಿ ಹೇಳೋರೇ ಮಾಯ. ನಿಷೇಧಿಸಿದ್ದು ಯಾರು? ಗೊತ್ತಿಲ್ಲ, ನಿಷೇಧಿಸ-ಲಾಗಿದೆ. ಈ 'ಲಾಗಿದೆ' ಸರ್ಕಾರಿ ಕನ್ನಡದ ಬೆನ್ನುಮೂಳೆ. ತಿಳಿಸಲಾಗಿದೆ, ಕೋರಲಾಗಿದೆ, ತಿರಸ್ಕರಿಸಲಾಗಿದೆ, ಮುಂದೂಡಲಾಗಿದೆ. ಮಾಡಿದವನ ಹೆಸರು ಹೇಳ್ದೆ ಮಾಡಿದ್ದನ್ನ ಮಾತ್ರ ಹೇಳೋ ಉಪಾಯ. ಆಡುಮಾತಲ್ಲಿ ಯಾರೂ ಹೀಗೆ ಮಾತಾಡಲ್ಲ, ಅನ್ನ ಬಡಿಸಲಾಗಿದೆ ಬಾ ಅಂತ ಯಾವ ತಾಯಿ ಕರೀತಾಳೆ ಹೇಳಿ. ಮರಾಠಿಯ ಸರ್ಕಾರಿ ಕಾಗದದಲ್ಲೂ ಇದೇ ಕಥೆ, "ಕಳವಿಣ್ಯಾತ್ ಯೇತೇ ಕೀ", ಅಂದ್ರೆ 'ತಿಳಿಸಲಾಗುತ್ತದೆ ಏನೆಂದರೆ' ಅಂತ ಶುರುವಾಗತ್ತೆ, ತಿಳಿಸೋದು ಯಾರು ಅಂತ ಸಹಿ ನೋಡಿದ್ರೂ ಗೊತ್ತಾಗಲ್ಲ, ಅದನ್ನ ಓದೋಕಾಗಲ್ವಲ್ಲ. ನಾನೂ ಆಫೀಸಲ್ಲಿ ಇಂಗ್ಲಿಷಲ್ಲಿ ಇದನ್ನೇ ಮಾಡೋದು. ಕ್ಲೇಮ್ ಪಾಸ್ ಆದ್ರೆ 'ನಾವು ಸಂತೋಷದಿಂದ ತಿಳಿಸುತ್ತೇವೆ', ಆಗದಿದ್ರೆ 'ಪರಿಗಣಿಸಲು ಸಾಧ್ಯವಾಗಿರುವುದಿಲ್ಲ'. ಒಳ್ಳೇ ಸುದ್ದಿಗೆ ನಾವು ಇರ್ತೀವಿ, ಕೆಟ್ಟ ಸುದ್ದಿಗೆ ಯಾರೂ ಇರಲ್ಲ. ಇದನ್ನ ಹೇಳ್ತಾ ಹೇಳ್ತಾ ನನಗೇ ಸ್ವಲ್ಪ ನಾಚಿಕೆ ಆಯ್ತು, ಹುಡುಗಿ ಮಾತ್ರ ಖುಷಿಯಾಗಿ ಬರ್ಕೊಂಡ್ಲು.

ಕೊನೇ ಸ್ಟೇಷನ್ ಸಿಎಸ್‌ಎಂಟಿಯಲ್ಲಿ ಇಳಿದಾಗ, ಮನೆ ಊಟದ ಡಬ್ಬಿ ಆಫೀಸಿಗೆ ಮುಟ್ಟಿಸೋ ಡಬ್ಬಾವಾಲಾಗಳ ಟೈಮು, ಹನ್ನೊಂದೂವರೆ ದಾಟಿತ್ತು. ಮರದ ಕ್ರೇಟ್ ತಲೆ ಮೇಲೆ ಹೊತ್ಕೊಂಡು ಅವ್ರು ಬರೋವಾಗ ಮಧ್ಯ ನಿಂತ್ಕೊಂಡ್ರೆ ಬೈಗುಳ ಗ್ಯಾರಂಟಿ, ಸೈಡಲ್ಲಿ ನಿಂತು ನೋಡಿದ್ವಿ. 1890ರಿಂದ ನಡೀತಿರೋ ಕೆಲಸ ಇದು. ಒಬ್ಬರು ಫುಟ್‌ಪಾತಲ್ಲಿ ಡಬ್ಬಿ ವಿಂಗಡಿಸ್ತಿದ್ರು, ಕೇಳಿ ಒಂದು ಮುಚ್ಚಳ ನೋಡಿದ್ವಿ. ನಡುವೆ ದೊಡ್ಡದಾಗಿ ಒಂದು ನಂಬರು, ಸುತ್ತ ಬಣ್ಣದಲ್ಲಿ ನಾಲ್ಕಾರು ಅಕ್ಷರ ಅಂಕಿ. ಯಾವ ಸ್ಟೇಷನ್ನಿಂದ ಹೊರಟದ್ದು, ಯಾವ ಸ್ಟೇಷನ್ನಲ್ಲಿ ಇಳೀಬೇಕು, ಅಲ್ಲಿಂದ ಯಾರು ಒಯ್ಯೋದು, ಯಾವ ಬಿಲ್ಡಿಂಗು, ಎಷ್ಟನೇ ಮಾಳಿಗೆ, ಅಷ್ಟೂ ಅಂಗೈ ಅಗಲದಲ್ಲಿ. ಊಟ ಯಾರದ್ದು ಅಂತ ಹೆಸರಿಲ್ಲ, ಪೂರ್ತಿ ವಿಳಾಸ ಇಲ್ಲ. ಹೆಚ್ಚು ಓದದೇ ಇರೋರು ಕೂಡ ಕಣ್ಣು ಹಾಯಿಸಿದ್ರೆ ಸಾಕು ಅನ್ನೋ ಹಾಗೆ ಕಟ್ಟಿದ ಲಿಪಿ ಅದು. ಬರೆದವ್ನೂ ಓದೋನೂ ಅದೇ ಬಳಗ, ಡಬ್ಬಿ ಕಟ್ಟಿದ ಹೆಂಡತಿಗೂ ಉಣ್ಣೋ ಗಂಡನಿಗೂ ಅದರ ಅರ್ಥ ಬೇಕಾಗಿಲ್ಲ. ಇಷ್ಟು ಬಿಗಿಯಾಗಿ ಬರೆಯೋಕೆ ಯಾವ ಕವಿಗೆ ಬರತ್ತೋ ನನಗೆ ಗೊತ್ತಿಲ್ಲ. ಹುಡುಗಿ ಫೋಟೋ ತೆಗೆಯೋಕೆ ಫೋನ್ ಎತ್ತೋವಷ್ಟ್ರಲ್ಲಿ ಡಬ್ಬಿ ಹೊರಟೇ ಹೋಯ್ತು.

ಧೋಬಿ ತಲಾವ್‌ವರೆಗೆ ನಡ್ಕೊಂಡು ಹೋಗಿ ಇರಾನಿ ಹೋಟ್ಲಲ್ಲಿ ಬನ್ ಮಸ್ಕಾ, ಅಂದ್ರೆ ಬೆಣ್ಣೆ ಹಚ್ಚಿದ ಬನ್, ತಿಂದ್ವಿ. ಹಳೇ ಇರಾನಿ ಹೋಟೆಲ್ಲುಗಳಲ್ಲಿ ಗಿರಾಕಿಗಳಿಗೆ ಅದು ಮಾಡ್ಬೇಡಿ ಇದು ಮಾಡ್ಬೇಡಿ ಅಂತ ಉದ್ದ ಪಟ್ಟಿ ನೇತುಹಾಕ್ತಿದ್ರು, ಮುಂಬೈ ಗೊತ್ತಿರೋರಿಗೆಲ್ಲ ಅದು ಗೊತ್ತು. ಇದೇ ಊರಿನ ಇಂಗ್ಲಿಷ್ ಕವಿ ನಿಸ್ಸಿಮ್ ಎಜೆಕಿಯಲ್ ಅಂಥ ಒಂದು ಬೋರ್ಡಿನ ಸೂಚನೆಗಳನ್ನೇ ಹಿಡ್ಕೊಂಡು ಕವಿತೆ ಮಾಡಿದ್ರು. ಹುಡುಗಿಗೆ ಇದು ಸರಿಹೋಗ್ಲಿಲ್ಲ. "ಬೋರ್ಡಲ್ಲಿದ್ದಾಗ ನಾನ್ ಲಿಟರರಿ, ಪುಸ್ತಕದಲ್ಲಿದ್ರೆ ಲಿಟರರಿನಾ? ಚೀಟಿಂಗ್ ಅಲ್ವಾ ಇದು?" ನಾನು ಯೋಚನೆ ಮಾಡಿದೆ. ಗೋಡೆ ಮೇಲೆ ಇದ್ದಾಗ ಆ ಪಟ್ಟಿ ನಮಗೆ ಹೇಳ್ತಿತ್ತು, ಕವಿತೆಯಲ್ಲಿ ಬಂದಾಗ ಅದನ್ನ ಹೇಳ್ತಿರೋ ಮಾಲೀಕ ನಮಗೆ ಕಾಣೋಕೆ ಶುರುವಾಗ್ತಾನೆ, ಪಾಪ ಎಂತೆಂಥ ಗಿರಾಕಿಗಳ ಜೊತೆ ಏಗಿರ್ಬೇಕು ಅವ್ನು ಅಂತ. ಆಗ ಕಾಲು ಮೇಲಿಟ್ಟು ಕೂರ್ಬಾರ್ದಾ ಕೂರ್ಬೋದಾ ಅನ್ನೋದು ಯಾರಿಗೂ ಬೇಡ. ಅಂದ್ರೆ ಗೆರೆ ಇರೋದು ಬರಹದೊಳಗಲ್ಲ, ನಾವು ಅದನ್ನ ಯಾವ ಕೆಲಸಕ್ಕೆ ಹಚ್ತೀವಿ ಅನ್ನೋದ್ರಲ್ಲಿ. ಅವಳು ಇದನ್ನ ಒಪ್ಲಿಲ್ಲ. ಈಗಲೂ ಒಪ್ಪಿಲ್ಲ, ಇರ್ಲಿ.

ವಾಪಸ್ ಬರೋವಾಗ ಅಮುಲ್ ಹೋರ್ಡಿಂಗ್ ಕಾಣ್ತು. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಮತ್ತೆ ಯುಸ್ಟೇಸ್ ಫರ್ನಾಂಡಿಸ್ ಸೇರಿ ಹುಟ್ಟಿಸಿದ ಆ ಪೋಲ್ಕಾ ಚುಕ್ಕೆ ಫ್ರಾಕಿನ ಹುಡುಗಿ ಇನ್ನೂ ಹಾಗೇ ಇದಾಳೆ, ನಾವು ಮುದುಕಿ ಆದ್ವಿ. ಆ ಜಾಹೀರಾತಲ್ಲಿ ಬೆಣ್ಣೆ ಬಗ್ಗೆ ಇರೋದು ಒಂದೋ ಎರಡೋ ಶಬ್ದ, ಉಳಿದದ್ದೆಲ್ಲ ಆ ವಾರದ ಸುದ್ದಿಯ ಮೇಲೆ ಶಬ್ದಚಮತ್ಕಾರ. ಸುದ್ದಿ ಗೊತ್ತಿದ್ದವ್ರಿಗೆ ಮಾತ್ರ ನಗು. ನಾಲ್ಕು ವರ್ಷ ಬಿಟ್ಟು ಅದೇ ಚಿತ್ರ ತೋರಿಸಿದ್ರೆ ಇದ್ಯಾರು, ಇದ್ಯಾಕೆ ಅಂತ ಕೇಳ್ಬೇಕಾಗತ್ತೆ. ಇಂಥ ಬರಹಕ್ಕೆ ಎಕ್ಸ್‌ಪೈರಿ ಡೇಟ್ ಇರತ್ತೆ, ಅದು ಅದರ ದೋಷ ಅಲ್ಲ, ಹಾಲಿನ ಹಾಗೆ ಅವತ್ತಿಗೆ ಅಂತ್ಲೇ ಮಾಡಿದ್ದು. ಪೇಪರ್ ಸುದ್ದೀನೂ ಹಾಗೇ, ಮುಖ್ಯ ಸಂಗತಿ ಮೊದಲ ಪ್ಯಾರಾದಲ್ಲಿ, ಕೆಳಗೆ ಹೋಗ್ತಾ ಹೋಗ್ತಾ ಸಣ್ಣಪುಟ್ಟದು, ಜಾಗ ಸಾಲದಿದ್ರೆ ಬುಡದಿಂದ ಕತ್ತರಿಸೋಕೆ ಅನುಕೂಲ. ಇದು ಎಲ್ರಿಗೂ ಗೊತ್ತಿರೋದೇ, ಉದ್ದ ಎಳೆಯಲ್ಲ.

ಸಂಜೆ ಮನೇಲಿ ಔಷಧಿ ಡಬ್ಬಿ ತೆಗೆದು ಕೂತ್ವಿ, ನಮ್ಮನೆಯವ್ರ ಆಂಟಿಬಯಾಟಿಕ್ ಸ್ಟ್ರಿಪ್ಪು. ಹಿಂದೆ ಎಡಗಡೆ ಮೇಲಿಂದ ಕೆಳಗೆ ಒಂದು ಕೆಂಪು ಗೆರೆ. ಡಾಕ್ಟ್ರ ಚೀಟಿ ಇಲ್ದೆ ತಗೋಬೇಡಿ ಅಂತ ಅದರ ಅರ್ಥ, 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಆ ಗೆರೆ ಬಗ್ಗೆನೇ ಒಂದು ಪ್ರಚಾರ ಮಾಡಿತ್ತು. ಇರುವೆ ಅಕ್ಷರದಲ್ಲಿ ಇಂಗ್ಲಿಷಲ್ಲಿ ಎಚ್ಚರಿಕೆ ಇದ್ದೇ ಇದೆ, ಅದನ್ನ ಓದೋರು ಯಾರು, ಓದೋಕೆ ಬರದೇ ಇರೋರಿಗೂ ಗೆರೆ ಕಾಣ್ಲಿ ಅಂತ. ಆಮೇಲೆ ಬಿಸ್ಕತ್ ಪ್ಯಾಕು. ಮುಂದುಗಡೆ ಗೋಧಿ ತೆನೆ, ಜೇನು, ಹಳ್ಳಿ, ಸೂರ್ಯ. ತಿರುಗಿಸಿದ್ರೆ ಪದಾರ್ಥಗಳ ಪಟ್ಟಿ. ಆ ಪಟ್ಟಿ ತೂಕದ ಪ್ರಕಾರ ಹೆಚ್ಚಿನದ್ದು ಮೊದಲು, ಕಮ್ಮಿ ಇದ್ದದ್ದು ಕೊನೆಗೆ ಬರ್ಬೇಕು ಅಂತ ಕಾನೂನಿದೆ. ಮೈದಾ ಮೊದಲು, ಸಕ್ಕರೆ ಮತ್ತೆ ಎಣ್ಣೆ ಆಮೇಲೆ, ಜೇನು ಹುಡುಕಿ ಹುಡುಕಿ ಕಟ್ಟಕಡೆಗೆ. ಒಂದೇ ಪ್ಯಾಕಿನ ಮುಂದೆ ಮಾರೋನ ಮಾತು, ಹಿಂದೆ ಕಾನೂನಿನ ಮಾತು, ಎರಡಕ್ಕೂ ಪರಿಚಯ ಇಲ್ಲದ ಹಾಗೆ ಬೆನ್ನು ಹಾಕಿ ನಿಂತಿವೆ. ಹುಡುಗಿ ಇದನ್ನ ಪೇಪರ್ ಒನ್‌ಗೆ ಪ್ರಾಕ್ಟೀಸ್ ಮಾಡ್ತೀನಿ ಅಂತ ಎರಡು ಪುಟ ಬರೆದ್ಲು, ಬಿಸ್ಕತ್ತೂ ಖಾಲಿ ಮಾಡಿದ್ಲು.

ರಾತ್ರಿ ಊಟ ಆದ್ಮೇಲೆ ಅಟ್ಟದಿಂದ ಅಮ್ಮನ ತಗಡಿನ ಡಬ್ಬಿ ಇಳಿಸಿದೆ. ಇದನ್ನ ತೋರಿಸ್ಬೇಕು ಅಂತ ಮೊದಲೇನೂ ಅಂದ್ಕೊಂಡಿರ್ಲಿಲ್ಲ. ನಮ್ಮಪ್ಪ ಬೈಂದೂರು ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದು ಫೋರ್ಟಿನ ಒಂದು ಹೋಟ್ಲಲ್ಲಿ ಮಾಣಿಯಾಗಿ ಸೇರಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಗಲ್ಲೆಯಲ್ಲಿ, ಅಂದ್ರೆ ಕ್ಯಾಶ್ ಕೌಂಟರಲ್ಲಿ, ಕೂತವ್ರು. ಮದುವೆ ಆದ್ಮೇಲೂ ಹತ್ತು ಹನ್ನೆರಡು ವರ್ಷ ಅಮ್ಮ ಊರಲ್ಲಿ, ಅಪ್ಪ ಇಲ್ಲಿ. ತಿಂಗಳಿಗೊಂದು ಮನಿಯಾರ್ಡರ್. ಆ ಫಾರ್ಮಿನ ಕೆಳಗೆ ಒಂದು ತುಂಡು ಇರ್ತಿತ್ತು, ಕಳಿಸೋರು ಎರಡು ಮಾತು ಬರೆಯೋಕೆ, ಪೋಸ್ಟ್‌ಮ್ಯಾನ್ ದುಡ್ಡು ಕೊಟ್ಟು ಆ ತುಂಡನ್ನ ಹರಿದು ಮನೆಯವ್ರ ಕೈಗೆ ಕೊಡ್ತಿದ್ದ. ಅಮ್ಮ ಅಷ್ಟನ್ನೂ ಇಟ್ಕೊಂಡಿದ್ಲು.

ಒಂದು ಚೀಟಿ ಇಲ್ಲಿ ಹಾಗೇ ಬರೀತೀನಿ. "150 ಕಳಿಸಿದೆ. ಅಂಗಡಿ ಬಾಕಿ 60 ಕೊಡುವುದು. ದನಕ್ಕೆ ಹಿಂಡಿ ತರುವುದು. ಮಳೆಗೆ ಮುಂಚೆ ಮಾಡಿಗೆ ಸೋಗೆ ಹೊದಿಸುವುದು. ಮಗುವಿನ ಜ್ವರ ತಿಳಿಸುವುದು. ನಾನು ಕ್ಷೇಮ." ಆ ಮಗು ನಾನು. ಹುಡುಗಿಗೆ ಕನ್ನಡ ಓದೋಕೆ ಬರಲ್ಲ, ಮಾತು ಮಾತ್ರ ಬರೋದು, ನಾನು ಓದಿ ಹೇಳಿದೆ. ಅವಳು ಚೀಟಿಯನ್ನ ತಿರುಗಿಸಿ ಮುರುಗಿಸಿ ನೋಡಿ, "ಮೇಲೆ ದೊಡ್ಡಕ್ಷರ, ಕೆಳಗೆ ಬರ್ತಾ ಬರ್ತಾ ಸಣ್ಣ ಆಗಿದೆ, ಜಾಗ ಸಾಲ್ಲಿಲ್ಲ ಅವ್ರಿಗೆ" ಅಂದ್ಲು. ಹೌದಲ್ಲ! ಇಷ್ಟು ವರ್ಷ ನೋಡಿದೀನಿ, ಅದು ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ, ಯಾಕಂದ್ರೆ ನಾನು ಶಬ್ದ ಓದ್ತಿದ್ದೆ, ಅವಳು ಕಾಗದ ಓದಿದ್ಲು. ಪ್ರತಿ ಚೀಟಿಯಲ್ಲೂ ಲೆಕ್ಕ ದೊಡ್ಡಕ್ಷರದಲ್ಲಿ, ಮಕ್ಕಳು ಮತ್ತೆ ಕ್ಷೇಮ ತುದಿಯಲ್ಲಿ ಒತ್ತಿಕೊಂಡು.

ನಾನು ಅವಳಿಗೆ ತೋರಿಸಿದ್ದು ಇನ್ನೊಂದು. ಕೊಡುವುದು, ತರುವುದು, ತಿಳಿಸುವುದು. ಕೊಡು ಅಂತಿಲ್ಲ, ಕೊಡಿ ಅಂತಲೂ ಇಲ್ಲ. ಅಮ್ಮ ಪೋಸ್ಟ್‌ಮ್ಯಾನ್ ಹತ್ರನೋ ಪಕ್ಕದ ಮನೆ ಹುಡುಗನ ಹತ್ರನೋ ಓದಿಸ್ತಿದ್ಲು, ಮನೇಲಿ ಅಜ್ಜಿ ಇದ್ರು, ಮಾವ ಇದ್ರು. ಚೀಟಿ ಯಾರಿಗೆ ಬರೆದದ್ದು ಅಂತ್ಲೇ ಸ್ಪಷ್ಟ ಇಲ್ಲ. ಹೆಂಡತಿಗೆ ಏಕವಚನ ಬರೆದ್ರೆ ಅಜ್ಜಿಗೆ ಅಗೌರವ, ಬಹುವಚನ ಬರೆದ್ರೆ ಓದೋ ಹುಡುಗ ನಗ್ತಾನೆ. ಈ 'ವುದು' ಎಲ್ರನ್ನೂ ದಾಟಿ ಹೋಗೋ ರೂಪ, ಯಾರು ಮಾಡಿದ್ರೂ ಸರಿ ಕೆಲಸ ಆಗ್ಬೇಕು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಹೊರಗೆ ಬಿಡುವುದು ಅಂತ ಬರೆಯೋದೂ ಇದೇ. ವ್ಯಾಕರಣದ ಮೇಷ್ಟ್ರು ಹೇಳ್ಕೊಟ್ಟದ್ದಲ್ಲ, ಹೋಟ್ಲಲ್ಲಿ ಲೋಟ ತೊಳೀತಿದ್ದ ಹುಡುಗ ಹತ್ತು ಜನರ ಕಣ್ಣಿಗೆ ಬೀಳೋ ಕಾಗದದಲ್ಲಿ ಹೆಂಡತಿ ಜೊತೆ ಮಾತಾಡೋಕೆ ಕಂಡ್ಕೊಂಡ ದಾರಿ.

ಡಬ್ಬಿಯಲ್ಲಿ ಇನ್ನೊಂದು ಕಟ್ಟು ಇತ್ತು, ಅಪ್ಪ ಹೋದ ಮೇಲೆ ಅವ್ರ ಟ್ರಂಕಿಂದ ತಂದು ಅಮ್ಮ ಇದ್ರಲ್ಲೇ ಸೇರಿಸಿದ್ದು. ಮನಿಯಾರ್ಡರ್ ಮುಟ್ಟಿತು ಅಂತ ಸಹಿ ಹಾಕಿ ಕಳಿಸಿದವ್ರಿಗೆ ವಾಪಸ್ ಹೋಗೋ ರಸೀದಿ. ಅದ್ರಲ್ಲಿ ಬರೆಯೋಕೆ ಜಾಗವೇ ಇಲ್ಲ, ಸಹಿ ಮಾತ್ರ. ಮೊದಲ ಕೆಲವು ಹೆಬ್ಬೆಟ್ಟು. ಆಮೇಲೆ ಒಂದು ತಿಂಗಳಿಂದ ಸಹಿ, ವಕ್ರ ವಕ್ರ, ಕೊನೇ ಅಕ್ಷರ ಗೆರೆ ದಾಟಿ ಹೊರಗೆ. ವರ್ಷ ಕಳೆದ ಹಾಗೆ ನೆಟ್ಟಗಾಗತ್ತೆ. ಅಪ್ಪ ಒಂದನ್ನೂ ಬಿಸಾಡಿಲ್ಲ. ಹುಡುಗಿ ಅದನ್ನ ತಾರೀಖು ನೋಡ್ಕೊಂಡು ನೆಲದ ಮೇಲೆ ಸಾಲಾಗಿ ಜೋಡಿಸಿದ್ಲು, ಇಬ್ರೂ ಎಷ್ಟೋ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಫ್ಯಾನ್ ಗಾಳಿಗೆ ಎಲ್ಲ ಹಾರಿಹೋಯ್ತು.

ಅಲ್ಲಿಂದ ಮಾತು ಹಳೇ ಕಾಗದಗಳ ಮೇಲೆ ಹೋಯ್ತು. ಉಭಯ ಕುಶಲೋಪರಿ ಸಾಂಪ್ರತ ಅಂತ ಶುರುವಾಗೋ ಪತ್ರ, ಮೂಲೆಗೆ ಅರಿಶಿನ ಹಚ್ಚಿದ ಮದುವೆ ಕರೆಯೋಲೆ, ಶಬ್ದಕ್ಕಿಷ್ಟು ದುಡ್ಡು ಅಂತ ಮೂರೇ ಶಬ್ದದಲ್ಲಿ ಎದೆ ಒಡೆಯೋ ಟೆಲಿಗ್ರಾಂ (2013ರ ಜುಲೈಯಲ್ಲಿ ಅದೂ ನಿಂತುಹೋಯ್ತು). ಕನ್ನಡದಲ್ಲಿ ಇದೆಲ್ಲ ಎಷ್ಟು ಹಿಂದಿನಿಂದ ಇದೆ ಅಂತ ಕೇಳಿದ್ಲು. ಪೂರ್ತಿ ಹಿಂದಿನಿಂದ ಅಂದೆ. ಬೇಲೂರು ಹತ್ರದ ಹಲ್ಮಿಡಿ ಶಾಸನ, ಸುಮಾರು 450ನೇ ಇಸವಿಯದು, ಕಾವ್ಯ ಅಲ್ಲ, ಯುದ್ಧದಲ್ಲಿ ಪರಾಕ್ರಮ ತೋರಿಸಿದ ವಿಜ ಅರಸನಿಗೆ ಹಳ್ಳಿ ದತ್ತಿ ಬಿಟ್ಟ ದಾಖಲೆ, ಕೆಡಿಸಿದವನಿಗೆ ಮಹಾಪಾತಕ ಅಂತ ಶಾಪಾನೂ ಅದ್ರಲ್ಲೇ ಇದೆ. ಅಂದ್ರೆ ನಮ್ಮ ಭಾಷೆ ಕಲ್ಲಿನ ಮೇಲೆ ಮೊದಮೊದಲು ಬಾಯಿ ತೆರೆದದ್ದೇ ಆಫೀಸ್ ಕೆಲಸಕ್ಕೆ, ಕವಿರಾಜಮಾರ್ಗ ಬರೋದು ಅದಾಗಿ ಸುಮಾರು ನಾನೂರು ವರ್ಷಕ್ಕೆ, ಅದೂ ಕಾವ್ಯ ಹೇಗೆ ಬರೀಬೇಕು ಅಂತ ಹೇಳೋ ಪುಸ್ತಕ! ಶಾಪದ ವಿಷಯದಲ್ಲಿ ನಮ್ಮ ಕೊಂಕಣದವ್ರು ಇನ್ನೊಂದು ಹೆಜ್ಜೆ ಮುಂದೆ. ಮುಂಬೈ ಠಾಣೆ ಸುತ್ತಮುತ್ತ ಶಿಲಾಹಾರ ಅರಸರ ಕಾಲದ ಗಧೇಗಳ್ ಅನ್ನೋ ಕಲ್ಲುಗಳಿವೆ, ಮೇಲೆ ಸೂರ್ಯ ಚಂದ್ರ, ನಡುವೆ ದಾನದ ಬರಹ, ಕೆಳಗೆ ಕತ್ತೆಯ ಒಂದು ಚಿತ್ರ. ಆ ಚಿತ್ರದಲ್ಲಿ ಏನಿದೆ ಅಂತ ಇಲ್ಲಿ ಬರೆಯಲ್ಲ, ದಾನ ಕಿತ್ಕೊಂಡವನ ಮನೆ ಹೆಂಗಸರಿಗೆ ಕೊಟ್ಟ ಅಸಹ್ಯ ಬೈಗುಳ, ತಪ್ಪು ಮಾಡಿದವ್ನು ಗಂಡಸು ಅನುಭವಿಸೋಳು ಹೆಂಗಸು ಅನ್ನೋದು ಆವಾಗಲೂ ಇತ್ತು ನೋಡಿ. ಓದೋಕೆ ಬರದವ್ನಿಗೂ ಹೆದರಿಕೆ ಮುಟ್ಲಿ ಅಂತ ಚಿತ್ರ. ಔಷಧಿ ಸ್ಟ್ರಿಪ್ಪಿನ ಕೆಂಪು ಗೆರೆ ಮಾಡೋ ಕೆಲಸಾನೇ ಅದು.

ಇನ್ನು ನಮ್ಮ ಹೌಸಿಂಗ್ ಸೊಸೈಟಿ ಕಥೆ ಹೇಳಿ ಮುಗಿಸ್ತೀನಿ. ಶನಿವಾರ ಬೆಳಿಗ್ಗೆ ಲಿಫ್ಟ್ ಪಕ್ಕದ ನೋಟೀಸ್ ಬೋರ್ಡಲ್ಲಿ ಎರಡು ಕಾಗದ ಇತ್ತು. ಒಂದು ವಾರ್ಷಿಕ ಸಭೆಯದ್ದು. ಮಹಾರಾಷ್ಟ್ರದಲ್ಲಿ ಇದಕ್ಕೆ ಹದಿನಾಲ್ಕು ದಿನ ಮುಂಚೆ ನೋಟೀಸ್ ಕೊಡ್ಬೇಕು, ಕೋರಂ (ಸಭೆಗೆ ಇಷ್ಟು ಜನ ಇರ್ಲೇಬೇಕು ಅನ್ನೋ ಲೆಕ್ಕ) ಆಗದಿದ್ರೆ ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ಸಭೆ ನಡೆಯುತ್ತೆ, ಆಗ ಕೋರಂ ಬೇಕಾಗಿಲ್ಲ ಅಂತ ಒಂದು ಸಾಲು ಕೊನೇಲಿ ಇದ್ದೇ ಇರತ್ತೆ. ಆ ಸಾಲು ಇರೋದ್ರಿಂದ ನಮ್ಮಲ್ಲಿ ಎಲ್ರೂ ಬರೋದೇ ಅರ್ಧ ಗಂಟೆ ಲೇಟಾಗಿ, ಕಮಿಟಿಯವ್ರೂ ಸೇರಿ. ಕೋರಂ ಆಗದಿದ್ರೆ ಅಂತ ಬರೆದ ಸಾಲೇ ಕೋರಂ ಆಗದ ಹಾಗೆ ಮಾಡ್ತಿದೆ. ಹುಡುಗಿಗೆ ಇದು ಎಷ್ಟು ಹಿಡಿಸ್ತು ಅಂದ್ರೆ ಲಿಫ್ಟಲ್ಲಿ ನಾಲ್ಕು ಮಾಳಿಗೆ ನಗ್ತಾನೇ ಬಂದ್ಲು.

ಇನ್ನೊಂದು ಕಾಗದ ನೀರಿನ ಟ್ಯಾಂಕ್ ತೊಳೆಯೋದ್ರ ಬಗ್ಗೆ. ಅದೇ, ಸರ್ವ ಸಭಾಸದಾಂನಾ ಕಳವಿಣ್ಯಾತ್ ಯೇತೇ ಕೀ ಅಂತ ಶುರುವಾಗಿ, ಕಮಿಟಿ ಮೀಟಿಂಗಿನ ತಾರೀಖು, ಠರಾವು, ಕಾಂಟ್ರಾಕ್ಟು, ಸಹಕಾರ ಕೋರಿಕೆ ಎಲ್ಲ ಆಗಿ ಹನ್ನೊಂದನೇ ಸಾಲಲ್ಲಿ ಮಂಗಳವಾರ ನೀರಿಲ್ಲ ಅಂತ. ನಾವಿಬ್ರೂ ಕೂತು ಮರಾಠಿಯಲ್ಲಿ ಬೇರೆ ಮಾಡಿದ್ವಿ. ಮಂಗಳವಾರ, ಬೆಳಿಗ್ಗೆ 9ರಿಂದ ಸಂಜೆ 4, ನೀರು ಬರಲ್ಲ, ಸೋಮವಾರ ರಾತ್ರಿನೇ ತುಂಬಿಸಿಟ್ಕೊಳ್ಳಿ. ದಪ್ಪ ಅಕ್ಷರ, ಪಕ್ಕದಲ್ಲಿ ಅವಳೇ ಬಿಡಿಸಿದ ಬಕೆಟ್ಟು, ನಲ್ಲಿಗೆ ಅಡ್ಡ ಕೆಂಪು ಗೆರೆ. ಉದ್ದೇಶ, ಓದುಗರು, ವಿನ್ಯಾಸ, ಅವಳ ಟೀಚರ್ ಪಟ್ಟಿಯಲ್ಲಿದ್ದದ್ದೆಲ್ಲ ಅದ್ರಲ್ಲಿತ್ತು, ನನ್ನ 22 ವರ್ಷದ ಸರ್ವಿಸ್ಸೂ ಇತ್ತು.

ಸೆಕ್ರೆಟರಿ ಕನ್ನಡಕ ಏರಿಸಿ ಓದಿದ್ರು. ಚೆನ್ನಾಗಿದೆ ಅಂದ್ರು. ಆಮೇಲೆ "ಪಣ್ ಮ್ಯಾಡಮ್, ಹೇ ನೋಟೀಸ್ ಸಾರಖಂ ದಿಸತ್ ನಾಹೀ" ಅಂದ್ರು, ನೋಟೀಸ್ ಥರ ಕಾಣಲ್ವಂತೆ. ಜಾವಕ್ ನಂಬರ್, ಅಂದ್ರೆ ಹೊರಗೆ ಹೋಗೋ ಕಾಗದದ ನಂಬರ್, ಎಲ್ಲಿ? ಶಿಕ್ಕಾ, ಅಂದ್ರೆ ಮೊಹರು, ಎಲ್ಲಿ? ಯಾರೋ ಮಕ್ಕಳು ಅಂಟಿಸಿದ್ದು ಅಂದ್ಕೊಂಡು ಜನ ನಂಬಲ್ಲ. ನನಗೆ ಸಿಟ್ಟು ಬಂತು, ಆದ್ರೆ ಮೆಟ್ಟಿಲು ಇಳಿಯೋವಾಗ ಯೋಚನೆ ಮಾಡಿದ್ರೆ ಅವ್ರು ಹೇಳಿದ್ದೂ ಸುಳ್ಳಲ್ಲ. ನಮ್ಮ ಆಫೀಸ್ ಲೆಟರ್‌ಹೆಡ್ ಇಲ್ದೆ ನಾನು ಬರೆದ ಪತ್ರ ಯಾರು ನಂಬ್ತಾರೆ? ಆ ಒಣ ಭಾಷೆ, ಆ ನಂಬರು, ಆ ನೇರಳೆ ಶಿಕ್ಕಾ, ಅದೆಲ್ಲ ಓದೋಕಲ್ಲ, ಇದು ನೋಟೀಸು ಅಂತ ದೂರದಿಂದ ಗುರುತು ಹಿಡಿಯೋಕೆ. ಹಳೇ ಕಾಗದವೇ ಬೋರ್ಡಲ್ಲಿ ಉಳೀತು, ನಮ್ಮ ಬಕೆಟ್ ಚಿತ್ರ ಫ್ರಿಜ್ ಮೇಲೆ.

ಮಂಗಳವಾರ ನೀರು ನಿಂತಾಗ ನಮ್ಮ ವಿಂಗಲ್ಲಿ ಎಲ್ರ ಮನೇಲೂ ನೀರು ತುಂಬಿತ್ತು, ಒಬ್ರೂ ಕೂಗಾಡ್ಲಿಲ್ಲ. ಅಷ್ಟೊತ್ತಿಗೆ ಹುಡುಗಿ ಪೊವಾಯಿಗೆ ವಾಪಸ್ ಹೋಗಿದ್ಲು, ಸಂಜೆ ಫೋನ್ ಮಾಡಿ ಮೊದಲು ಕೇಳಿದ್ದೇ ಅದನ್ನ, ಜನ ನೋಟೀಸ್ ಓದಿದ್ರಾ ಅಂತ. ಇಲ್ಲ, ಪಕ್ಕದ ಮನೆಯವ್ರನ್ನ ವಿಚಾರಿಸಿದೆ, ಯಾರೂ ಓದಿಲ್ಲ. ಸೋಮವಾರ ರಾತ್ರಿ ವಾಚ್‌ಮನ್ ಪ್ರತಿ ಮನೆ ಬೆಲ್ ಒತ್ತಿ "ಕಲ್ ಪಾನಿ ನಹೀ ಆಯೇಗಾ, ಭರ್ ಕೇ ರಖೋ" ಅಂತ ಹೇಳ್ಕೊಂಡು ಹೋಗಿದ್ದ, ಏಳು ಮಾಳಿಗೆ, ಅದೂ ಲಿಫ್ಟ್ ಕೆಟ್ಟಿದ್ದಾಗ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದ್ಲು, "ದೊಡ್ಡಮ್ಮ, ವಾಚ್‌ಮನ್ ಹೇಳಿದ್ದು ಟೆಕ್ಸ್ಟ್ ಆಗತ್ತಾ?" ನಿಮ್ಮ ಟೀಚರ್ ಹತ್ರ ಕೇಳು ಅಂದೆ. ಕೇಳಿದಾಳಂತೆ, ಅವ್ರಿನ್ನೂ ಉತ್ತರ ಹೇಳಿಲ್ವಂತೆ.